ಅಟ್ಟದ ಕಾಯಿಗೂ ಕೈಯಲ್ಲಿನ ಎಲೆಗೂ

ಪತ್ರ: ನನಗೆ 27 ವರ್ಷ. ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೂರು ವರ್ಷಗಳಿಂದ ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಾಟ ಆಡುತ್ತಿದ್ದೇನೆ. 2025ರ ಕಾಯ್ದೆ ಬಂದ ಮೇಲೆ ಹಣದ ಆಟ ನಿಂತಿತು, ಈಗ ದುಡ್ಡಿನ ಬದಲು ಬಿಟ್ಟಿ ಚಿಪ್ಸ್ (ಪಣದ ಬಿಲ್ಲೆ) ಇಟ್ಟು ಆಡುತ್ತೇನೆ. ಆಟ ನನಗೆ ಬರುತ್ತದೆ, ತಾಳ್ಮೆ ಬರುವುದಿಲ್ಲ. ಎರಡು ಗಂಟೆ ಎಲೆ ಬಿಟ್ಟು ಬಿಟ್ಟು ಕಾದು, ಕೊನೆಗೆ ಎರಡು ಎಕ್ಕ ಬಂದಾಗಲೂ ಸೋತರೆ ಆಮೇಲಿನ ಹತ್ತು ನಿಮಿಷ ನಾನು ನಾನಾಗಿರುವುದಿಲ್ಲ. ಕೈಗೆ ಬಂದದ್ದನ್ನೆಲ್ಲ ಆಡಿಬಿಡುತ್ತೇನೆ. ಸ್ನೇಹಿತನೊಬ್ಬ ಹೊರದೇಶದ ಆ್ಯಪ್‌ನ ಲಿಂಕ್ ಕಳಿಸಿದ್ದಾನೆ. ಶಿಸ್ತು ಬಂದರೆ ಅದರಲ್ಲಿ ಆಡಿ ಕಳೆದದ್ದನ್ನು ತೆಗೆಯಬಹುದು ಎನ್ನುತ್ತಾನೆ. ತಾಳ್ಮೆಯನ್ನೂ ಶಿಸ್ತನ್ನೂ ಬೆಳೆಸಿಕೊಳ್ಳುವುದು ಹೇಗೆ?
– ಹೆಸರು ಬೇಡವೆಂದ ಓದುಗ, ತಿಪಟೂರು ತಾಲ್ಲೂಕು

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಕಾಗದದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಬರೆದ ಒಂದು ಸಾಲು ಕಣ್ಣಿಗೆ ಬಿತ್ತು: "ಹೋದ 42 ಸಾವಿರ ಅಮ್ಮನಿಗೆ ಗೊತ್ತಿಲ್ಲ." ಪತ್ರ ಮುಗಿಸಿ, ಮಡಿಸುವ ಮುನ್ನ ಬರೆದಂತಿದೆ. ಆ ಸಾಲಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ ಉತ್ತರ.

ಪೋಕರ್ ಎಂದ ಕೂಡಲೇ ಬುದ್ಧಿ ಹೇಳಿ ಬಾಗಿಲು ಹಾಕಿಕೊಳ್ಳುವವನು ನಾನಲ್ಲ. ಅಕ್ಕನ ಮಗ ರಜೆಗೆ ತುಮಕೂರಿಗೆ ಬಂದಾಗ ನನಗೆ ಈ ಆಟ ಕಲಿಸಿದ. ಹುಣಸೆ ಬೀಜ ಪಣಕ್ಕಿಟ್ಟು ಎಷ್ಟೋ ಸಂಜೆ ಆಡಿದ್ದೇವೆ. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ನಾಲ್ಕು ಸುತ್ತು ಪಣ. ಇಷ್ಟರಲ್ಲೇ ಮನುಷ್ಯನ ಆಸೆ, ಅಂಜಿಕೆ, ಜಂಬ ಎಲ್ಲವೂ ಹೊರಬೀಳುತ್ತವೆ. ಒಳ್ಳೆಯ ಆಟ. ಅದನ್ನು ಚೆನ್ನಾಗಿ ಆಡಬೇಕೆಂಬ ನಿಮ್ಮ ಆಸೆಯಲ್ಲಿ ತಪ್ಪಿಲ್ಲ. ನೀವು ತಾಳ್ಮೆ ಎಂದು ಯಾವುದನ್ನು ಕರೆಯುತ್ತಿದ್ದೀರೋ ಅದರ ಬಗ್ಗೆ ಮಾತ್ರ ನನಗೆ ತಕರಾರಿದೆ.

ನೀವು ಕೊಬ್ಬರಿ ಸೀಮೆಯವರು, ನಾನೂ ಅಲ್ಲಿಯವನೇ. ನಮ್ಮಿಬ್ಬರಿಗೂ ತಾಳ್ಮೆ ಕಲಿಸಿದ್ದು ಮನೆಯ ಅಟ್ಟ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಚಿಪ್ಪು ಬಿಡಬೇಕು. ನಾನು ಎಂಟು ವರ್ಷದವನಿದ್ದಾಗ ಒಂದು ಮಧ್ಯಾಹ್ನ ಏಣಿ ಹತ್ತಿ ಕಾಯಿಯೊಂದನ್ನು ಕದ್ದೆ. ಹೆಣಗಾಡಿ ಸಿಪ್ಪೆ ಕಿತ್ತು, ಹಿತ್ತಲಿನ ಒಗೆಯುವ ಕಲ್ಲಿಗೆ ಕುಕ್ಕಿ ಒಡೆದೆ. ಒಳಗೆ ಎರಡು ಚಮಚದಷ್ಟು ನೀರು, ಚಿಪ್ಪಿಗೆ ಕಚ್ಚಿಕೊಂಡ ತಿರುಳು. ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಅಪ್ಪ ಬೈಯಲಿಲ್ಲ. ಅಟ್ಟದಿಂದ ಇನ್ನೊಂದು ಕಾಯಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಗುಳುಗುಳು ಎಂದಿತು. "ಇದು ಗಡಗಡ ಎನ್ನಬೇಕು. ಆದಾಗ ಅದೇ ಹೇಳುತ್ತದೆ" ಎಂದರು.

ಈ ತಾಳ್ಮೆಗೆ ಒಂದು ಭರವಸೆ ಉಂಟು. ನಾವು ಮಲಗಿದ್ದಾಗಲೂ ಕಾಯಿ ಒಣಗುತ್ತಿರುತ್ತದೆ. ಕಾದ ಒಂದೊಂದು ದಿನವೂ ತನ್ನ ಕೆಲಸ ಮಾಡಿರುತ್ತದೆ. ಪೋಕರಿನಲ್ಲಿ ಕಾದ ಹೊತ್ತು ಯಾವ ಕೆಲಸವನ್ನೂ ಮಾಡಿರುವುದಿಲ್ಲ. ನಿಮ್ಮ ಸಂಕಟದ ಬೇರು ಇಲ್ಲಿದೆ. ನೀವು ಅಟ್ಟದ ತಾಳ್ಮೆಯನ್ನು ಎಲೆಯ ಆಟಕ್ಕೆ ಕೊಂಡೊಯ್ದಿದ್ದೀರಿ.

ಲೆಕ್ಕ ನಿಮ್ಮ ಕಸುಬು, ಆದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. 52 ಎಲೆಗಳಲ್ಲಿ ಎರಡು ಎಲೆ ಕೈಗೆ ಬರುವ ಬಗೆಗಳು 1,326. ಅವುಗಳಲ್ಲಿ ಎರಡೂ ಎಕ್ಕವಾಗುವ ಬಗೆಗಳು 6. ಸರಾಸರಿ 221 ಸಲ ಹಂಚಿದರೆ ಒಮ್ಮೆ. ಮೊಬೈಲಿನ ಒಂದು ಟೇಬಲ್ಲಿನಲ್ಲಿ ಗಂಟೆಗೆ ಅರವತ್ತು ಎಪ್ಪತ್ತು ಸಲ ಎಲೆ ಬೀಳುತ್ತದೆ ಎಂದಿಟ್ಟುಕೊಂಡರೂ ಸುಮಾರು ಮೂರೂವರೆ ಗಂಟೆಗೆ ಒಮ್ಮೆ. ಹಾಗೆಂದು 221 ಸಲ ಕಾದವನಿಗೆ 222ನೆಯದರಲ್ಲಿ ಬಂದೇ ಬರುತ್ತದೆಯೇ? ಇಲ್ಲ. ಅಷ್ಟು ಕಾದ ನೂರು ಜನರಲ್ಲಿ ಸುಮಾರು 37 ಮಂದಿಗೆ ಜೋಡಿ ಎಕ್ಕ ಒಮ್ಮೆಯೂ ಬಂದಿರುವುದಿಲ್ಲ. ಅದರ ಎರಡರಷ್ಟು, 442 ಸಲ ಕಾದರೂ ಬಾರದವರು ನೂರಕ್ಕೆ 13ಕ್ಕಿಂತ ಹೆಚ್ಚು. ಪ್ರತಿ ಸಲವೂ ಎಲೆಯನ್ನು ಹೊಸದಾಗಿ ಕಲಸುತ್ತಾರೆ. ಯಾರು ಎಷ್ಟು ಹೊತ್ತಿನಿಂದ ಕಾದಿದ್ದಾರೆ ಎಂಬುದು ಆ ಕಟ್ಟಿಗೆ ಗೊತ್ತಿರುವುದಿಲ್ಲ.

ಇನ್ನು ಎಕ್ಕಗಳು ಬಂದ ಮೇಲಿನ ಮಾತು. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಯಾವುದೋ ಎರಡು ಎಲೆ ಇದ್ದರೆ ನೀವು ನೂರಕ್ಕೆ 85 ಸಲ ಗೆಲ್ಲುತ್ತೀರಿ. ಅವನಲ್ಲಿ ಜೋಡಿ ರಾಜ ಇದ್ದರೂ ಸುಮಾರು 82 ಸಲ. ಆದರೆ ಯಾವುದೋ ಎರಡು ಎಲೆ ಹಿಡಿದ ಮೂವರು ಕೊನೆಯವರೆಗೂ ಉಳಿದರೆ ನಿಮ್ಮ ಗೆಲುವು 64ಕ್ಕೆ ಇಳಿಯುತ್ತದೆ. ಎಂದರೆ ಮೊದಲಿಗೆ ಸಿಗುವ ಅತ್ಯಂತ ಒಳ್ಳೆಯ ಕೈ ಹಿಡಿದೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಸೋಲು. ನಿಮಗೆ ಕೋಪ ಬರುತ್ತಿರುವುದು ಆಗಲೇಬೇಕಾದ ಸಂಗತಿಯೊಂದರ ಮೇಲೆ. ಆ ಸೋಲು ಅಷ್ಟು ಉರಿಯುವುದಕ್ಕೆ ಕಾರಣ ಬೇರೆ. ಎರಡು ಗಂಟೆ ಕಾದದ್ದನ್ನು ನೀವು ಮನಸ್ಸಿನಲ್ಲಿ ಬಾಕಿಯೆಂದು ಬರೆದುಕೊಂಡಿದ್ದೀರಿ, ಅದು ವಸೂಲಾಗಲಿಲ್ಲ. ಮಂಡಿಯ ಪುಸ್ತಕದಲ್ಲಿ ಬಾಕಿ ಬರೆದರೆ ಅದಕ್ಕೊಂದು ಹೆಸರಿರುತ್ತದೆ, ತಾರೀಕಿರುತ್ತದೆ, ಕೇಳಲು ಒಬ್ಬ ಮನುಷ್ಯ ಇರುತ್ತಾನೆ. ಎಲೆಯ ಕಟ್ಟಿನ ಹೆಸರಿಗೆ ಬಾಕಿ ಬರೆಯಲಾಗದು.

ಹಾಗಾಗಿ ಎಲೆ ಬಿಡುವಾಗ "ಮುಂದೆ ಒಳ್ಳೆಯದು ಬರುತ್ತದೆ, ಅದಕ್ಕೆ ಬಿಟ್ಟೆ" ಎಂದು ಬಿಡಬೇಡಿ. "ಇದು ಆಡುವ ಎಲೆಯಲ್ಲ, ಅದಕ್ಕೆ ಬಿಟ್ಟೆ" ಎಂದು ಬಿಡಿ. ಅಲ್ಲಿಗೆ ಆ ಕೈಯ ಲೆಕ್ಕ ಚುಕ್ತಾ. ಒಂಬತ್ತು ಜನರ ಟೇಬಲ್ಲಿನಲ್ಲಿ ಬಲ್ಲವರು ಹತ್ತರಲ್ಲಿ ಏಳೆಂಟು ಕೈ ಬಿಡುತ್ತಾರೆ. ಬಿಡುವುದು ಅವರಿಗೆ ತ್ಯಾಗವಲ್ಲ, ಅದೇ ಆಟ. ತ್ಯಾಗವೆಂದುಕೊಂಡವನಿಗೆ ನಲವತ್ತು ನಿಮಿಷದ ಹೊತ್ತಿಗೆ ಕಳಾವರ್ ಒಂಬತ್ತು, ಇಸ್ಪೀಟ್ ನಾಲ್ಕು ಕೂಡ ಸುಂದರವಾಗಿ ಕಾಣತೊಡಗುತ್ತವೆ. ನನಗೂ ಕಂಡಿವೆ. ಒಂದು ಬೊಗಸೆ ಹುಣಸೆ ಬೀಜ ಹೋಯಿತು.

ಕೊಬ್ಬರಿಯಲ್ಲೂ ನಮ್ಮ ಕೈಯಲ್ಲಿಲ್ಲದ ಒಂದು ಭಾಗ ಇದೆಯಲ್ಲ, ಅದನ್ನು ನೀವು ದಿನಾ ನೋಡುತ್ತೀರಿ. ಕಾಯಿ ಒಣಗುವುದು ಖಾತ್ರಿ, ಬೆಲೆ ಖಾತ್ರಿಯಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು, ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಅದೇ ಅಟ್ಟ, ಅದೇ ಹನ್ನೊಂದು ತಿಂಗಳು, ಅದೇ ಕೈಗಳು. 2023ರಲ್ಲಿ ಮಾರಿದ ರೈತನಿಗೆ ತಾಳ್ಮೆ ಸಾಲದು ಎಂದು ನೀವು ಹೇಳುತ್ತೀರಾ? ಕೊಬ್ಬರಿ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಉಂಡೆ ನೋಡಿ ಹೇಳುತ್ತೀರಿ, ಅಂದಿನ ಧಾರಣೆ ನೋಡಿ ಅಲ್ಲ. ನಿಮ್ಮ ಆಟವನ್ನೂ ಹಾಗೆಯೇ ನೋಡಿ.

ಅದಕ್ಕೊಂದು ದಾರಿ ಹೇಳುತ್ತೇನೆ. ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಪುಟದ ನಡುವೆ ಗೆರೆ ಎಳೆಯಿರಿ. ನೀವು ದೊಡ್ಡ ಪಣ ಇಟ್ಟ ಕೈಗಳನ್ನು ಮಾತ್ರ ಬರೆದರೆ ಸಾಕು. ಎಡಗಡೆ: ಯಾವ ಎಲೆ ಇತ್ತು, ಎದುರಿಗೆ ಎಷ್ಟು ಜನ, ಏಕೆ ಆಡಿದಿರಿ. ಬಲಗಡೆ ಖಾಲಿ ಬಿಡಿ. ಗೆದ್ದದ್ದು, ಸೋತದ್ದು ಅಂದು ರಾತ್ರಿ ಬರೆಯಲೇ ಬೇಡಿ. ಮರುದಿನ ಬೆಳಿಗ್ಗೆ ಎಡಗಡೆಯನ್ನಷ್ಟೇ ಓದಿ, ಬೇರೆಯವರ ಲೆಕ್ಕ ತಪಾಸಣೆ ಮಾಡುವ ಕಣ್ಣಿನಿಂದ ಸರಿ ಅಥವಾ ತಪ್ಪು ಎಂದು ಗುರುತು ಹಾಕಿ. ಆಮೇಲೆ ಬಲಗಡೆ ತುಂಬಿಸಿ. ಸರಿ ಎಂದು ಗುರುತಿಸಿದ್ದರಲ್ಲಿ ಸೋತ ಕೈಗಳು ಸಿಗುತ್ತವೆ, ತಪ್ಪು ಎಂದು ಗುರುತಿಸಿದ್ದರಲ್ಲಿ ಗೆದ್ದವೂ ಸಿಗುತ್ತವೆ. ತಪ್ಪಾಗಿ ಆಡಿ ಗೆದ್ದವುಗಳ ಮುಂದೆ ಹೆಚ್ಚು ಹೊತ್ತು ಕೂರಿ. ಕೆಟ್ಟ ಅಭ್ಯಾಸ ಬೆಳೆಸುವವು ಅವೇ.

ನೀವು ಹೇಳಿದ ಆ ಹತ್ತು ನಿಮಿಷಕ್ಕೆ ಆಟಗಾರರಲ್ಲಿ ಟಿಲ್ಟ್ ಎಂಬ ಹೆಸರಿದೆ. ಗುಂಡನ್ನು ಸನ್ನೆಗೋಲುಗಳಿಂದ ಹೊಡೆದು ಆಡುವ ಪಿನ್‌ಬಾಲ್ ಯಂತ್ರಗಳಿಂದ ಬಂದ ಮಾತು. ಸಿಟ್ಟಿನಲ್ಲಿ ಯಂತ್ರವನ್ನು ಹಿಡಿದು ಅಲುಗಿಸಿದರೆ ಆ ಪದದ ದೀಪ ಹೊತ್ತಿಕೊಂಡು ಅದರ ಸನ್ನೆಗೋಲುಗಳು ಕೆಲಸ ನಿಲ್ಲಿಸುತ್ತಿದ್ದವು. ಮೊಬೈಲಿನಲ್ಲಿ ಅಂಥ ದೀಪವಿಲ್ಲ. ಹಬ್ಬದ ರಾತ್ರಿ ಜಗಲಿಯ ಮೇಲೆ ಕೂತು ಆಡುವ ಇಸ್ಪೀಟಿನಲ್ಲಿ ಒಂದು ಆಟ ಮುಗಿದರೆ ಎಲೆ ಕೂಡಿಸಬೇಕು, ಕಲಸಬೇಕು, ಕತ್ತರಿಸಬೇಕು, ಹಂಚಬೇಕು. ನಡುವೆ ಯಾರೋ ಎಲೆಯಡಿಕೆ ಹಾಕಿಕೊಳ್ಳುತ್ತಾರೆ, ಒಳಗಿನಿಂದ ಕಾಫಿ ಬರುತ್ತದೆ. ಸೋತವನ ಕೋಪಕ್ಕೆ ಇಳಿಯಲು ಅಷ್ಟು ಹೊತ್ತು ಸಿಗುತ್ತದೆ. ಮೊಬೈಲ್ ಕ್ಷಣಾರ್ಧದಲ್ಲಿ ಮುಂದಿನ ಎಲೆ ಹಾಕಿಬಿಡುತ್ತದೆ. ಆ ಬಿಡುವನ್ನು ನೀವೇ ಇಟ್ಟುಕೊಳ್ಳಬೇಕು. ದೊಡ್ಡ ಕೈ ಸೋತ ಕೂಡಲೇ ಟೇಬಲ್ ಬಿಟ್ಟು ಹೊರಬನ್ನಿ, ಮೊಬೈಲನ್ನು ಮಗುಚಿಟ್ಟು ಅಂಗಳಕ್ಕೆ ಹೋಗಿ. ಒಂದೇ ಟೇಬಲ್ ಆಡಿ. ಎಷ್ಟು ಹೊತ್ತಿಗೆ ಏಳಬೇಕೆಂದು ಕೂರುವ ಮೊದಲೇ ಗೋಡೆಯ ಗಡಿಯಾರ ನೋಡಿ ನಿಶ್ಚಯಿಸಿ. ಗೆದ್ದ ಮೇಲೆ ಏಳುತ್ತೇನೆ ಎಂದುಕೊಂಡವನು ಏಳುವುದಿಲ್ಲ.

ಇಷ್ಟೂ ಹೇಳಿದ್ದು ಬಿಟ್ಟಿ ಚಿಪ್ಸ್ ಇಟ್ಟು ಆಡುವ ಆಟಕ್ಕೆ. ಸ್ನೇಹಿತ ಕಳಿಸಿದ ಲಿಂಕನ್ನು ಈ ಸಾಲು ಓದುತ್ತಿರುವಾಗಲೇ ಅಳಿಸಿಬಿಡಿ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು, ಹೈಕೋರ್ಟ್ 2022ರ ಫೆಬ್ರವರಿ 14ರಂದು ಅದನ್ನು ರದ್ದು ಮಾಡಿತು. ಮುಂದಿನ ಮೂರು ವರ್ಷ ಜಾಹೀರಾತುಗಳ ಸುರಿಮಳೆಯಲ್ಲಿ ನಿಮ್ಮಂಥ ಹುಡುಗರು ಈ ಆಟಕ್ಕೆ ಬಂದಿರಿ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಕೇಂದ್ರದ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣವಿಟ್ಟು ಆಡುವ ಆನ್‌ಲೈನ್ ಆಟವನ್ನೆಲ್ಲ ನಿಷೇಧಿಸಿತು. ಅದನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ ಎಂದು ನಿಮ್ಮ ಸ್ನೇಹಿತ ಹೇಳಬಹುದು. ನಿಜ. ಆದರೆ ಹೊರದೇಶದ ಆ್ಯಪ್ ನಿಮ್ಮ ದುಡ್ಡು ಕೊಡದಿದ್ದರೆ ಯಾವ ಬಾಗಿಲಿಗೆ ಹೋಗುತ್ತೀರಿ? ಅಪರಿಚಿತರ ಬ್ಯಾಂಕ್ ಖಾತೆಗಳ ಮೂಲಕ ಹಣ ಓಡಾಡಿದರೆ ನಿಮ್ಮ ಸಂಬಳದ ಖಾತೆಯೂ ತನಿಖೆಯಲ್ಲಿ ಸಿಕ್ಕಿ ಸ್ಥಗಿತವಾಗಬಹುದು.

ಕಾನೂನಿಗಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು "ಕಳೆದದ್ದನ್ನು ತೆಗೆಯಬಹುದು" ಎಂಬ ಮಾತು. ಎಕ್ಕ ಸೋತ ಮೇಲಿನ ನಿಮ್ಮ ಹತ್ತು ನಿಮಿಷವೇ ಇಲ್ಲಿ ತಿಂಗಳುಗಟ್ಟಲೆ ಹಿಗ್ಗಿದೆ. ಆ 42 ಸಾವಿರವನ್ನೂ ನೀವು ಬಾಕಿಯೆಂದೇ ಬರೆದುಕೊಂಡಿದ್ದೀರಿ. ಅದನ್ನು ಖರ್ಚಿನ ಕಡೆ ಬರೆದು ಪುಟ ತಿರುವುವ ತನಕ ನಿಮಗೆ ಯಾವ ಶಿಸ್ತೂ ಹತ್ತುವುದಿಲ್ಲ. ಬಿಟ್ಟಿ ಆಟದಲ್ಲೂ ಏಳಲಾಗುತ್ತಿಲ್ಲ, ನಿದ್ದೆ ಕೆಡುತ್ತಿದೆ ಎಂದಾದರೆ ಸಂಕೋಚ ಬೇಡ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆಟದ ಗೀಳಿಗೆಂದೇ ಶಟ್ ಎಂಬ ಚಿಕಿತ್ಸಾಲಯವಿದೆ.

ಈಗ ಅಂಚಿನ ಸಾಲಿಗೆ ಬರುತ್ತೇನೆ. ಅಮ್ಮನಿಗೆ ಹೇಳಿ. ಹರಾಜಿನ ಗಲಾಟೆಯಿಲ್ಲದ ದಿನ ನೋಡಿ, ಅವರು ಊಟ ಮುಗಿಸಿ ಕೂತಾಗ ಹೇಳಿ. ಸುಮಾರು ಮೂವತ್ತು ನಲವತ್ತು ಎನ್ನಬೇಡಿ, 42 ಸಾವಿರ ಎಂದೇ ಹೇಳಿ. ಸಂಬಳದಲ್ಲಿ ತಿಂಗಳಿಗೆ ಇಷ್ಟರಂತೆ ಇಷ್ಟು ತಿಂಗಳಲ್ಲಿ ಮನೆಗೆ ತುಂಬಿಕೊಡುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ. ಬೈಯಬಹುದು, ಬೈಗುಳಕ್ಕಿಂತ ಭಾರವಾದ ಮೌನವೂ ಬರಬಹುದು. ಆಗ ನಿಮ್ಮ ಕೈ ಮೊಬೈಲನ್ನು ಹುಡುಕುತ್ತದೆ. ಅದಕ್ಕೇ ಆ ಸಂಜೆ ಅದನ್ನು ಮಂಡಿಯ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಹೋಗಿ.

– ಸಂಪಾದಕ