ಚಾಂಪಿಯನ್ ಆಗದ ಎಂಎಂಎ ಫೈಟರ್‌ಗಳು ಯಾಕೆ ಅಷ್ಟು ವರ್ಷ ಫೈಟ್ ಮಾಡುತ್ತಾರೆ?

ನೀವು ಕೇಳಿರುವುದು ಇಷ್ಟು: ನಿಮ್ಮ ತಮ್ಮ ಯುಎಫ್‌ಸಿ (ಅಮೆರಿಕದ ದೊಡ್ಡ ಎಂಎಂಎ ಕಂಪನಿ) ಫೈಟ್ ನೋಡಿ ನೋಡಿ ಈಗ ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಹೊಡೆದಾಟದ ಆಟ, ಕಲಿಯುವ ಹುಚ್ಚು ಹಿಡಿಸಿಕೊಂಡಿದ್ದಾನೆ, ಚಾಂಪಿಯನ್ ಬೆಲ್ಟ್ ಗೆಲ್ಲುವವರು ಎಲ್ಲೋ ಒಬ್ಬಿಬ್ಬರು, ಹಾಗಾದರೆ ಉಳಿದವರು ಹತ್ತು ಹದಿನೈದು ವರ್ಷ ಏಟು ತಿಂದು ಏನು ಗಳಿಸುತ್ತಾರೆ, 'ಜರ್ನಿಮನ್' ಅಂತಾರಲ್ಲ, ಅವರ ಬದುಕು ಹೇಗಿರುತ್ತದೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಜಿಮ್‌ನಲ್ಲಿ ಮೂರು ವರ್ಷ ಕಲಿತೆ. ಒಂದೇ ಒಂದು ಅಮೆಚೂರ್ ಫೈಟ್ ಮಾಡಿದೆ. ಬುಧವಾರ ರಾತ್ರಿ ಫೋನ್ ಬಂತು, ಯಾರೋ ಕೈಕೊಟ್ಟಿದ್ದಾರೆ, ಶನಿವಾರ ಬರ್ತೀಯಾ ಅಂತ. ಖುಷಿಯಿಂದ ಹೋದೆ. ಎರಡು ನಿಮಿಷ ಆಗುವುದರೊಳಗೆ ಎದುರಾಳಿ ನನ್ನ ಬೆನ್ನ ಮೇಲೆ ಕೂತು ಕುತ್ತಿಗೆ ಹಿಡಿದ, ನಾನು ಟ್ಯಾಪ್ ಮಾಡಿದೆ, ಅಂದರೆ ಕೈ ತಟ್ಟಿ ಸೋಲೊಪ್ಪಿದೆ. ಆಮೇಲೆ ಗೊತ್ತಾಯಿತು, ಅವನು ಆಯೋಜಕರ ಕಡೆಯ ಹುಡುಗ, ಅವನ ಫ್ರೆಂಡ್ಸೇ ಅರ್ಧ ಟಿಕೆಟ್ ಕೊಂಡಿದ್ದರು. ಅಂದರೆ ನನ್ನನ್ನು ಕರೆದದ್ದೇ ಸೋಲುವುದಕ್ಕೆ! ಅವತ್ತು ಸಿಟ್ಟು ಬಂದಿತ್ತು. ಆದರೆ ಈ ಆಟದಲ್ಲಿ ಜೋಡಿ ಹೇಗೆ ಕಟ್ಟುತ್ತಾರೆ ಅನ್ನುವುದು ಅರ್ಥವಾದದ್ದು ಅವತ್ತೇ.

ಮೈಸೂರಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರಲ್ಲ, ಅಲ್ಲಿ ತೂಕ, ವಯಸ್ಸು, ಅನುಭವ ನೋಡಿ ಸಮಸಮ ಇರುವವರನ್ನು ಎದುರುಬದುರು ನಿಲ್ಲಿಸುವುದು ಲೆಕ್ಕ. ಎಂಎಂಎಯಲ್ಲಿ ತೂಕವೊಂದು ಸರಿಹೋದರೆ ಸಾಕು, ಉಳಿದದ್ದು ವ್ಯಾಪಾರ. ಬೆಳೆಯುತ್ತಿರುವ ಹುಡುಗನಿಗೆ ತೀರಾ ಸುಲಭದವನನ್ನು ಕೊಟ್ಟರೆ ಜನ ನಗುತ್ತಾರೆ, ತೀರಾ ಗಟ್ಟಿಯವನನ್ನು ಕೊಟ್ಟರೆ ಹುಡುಗ ಸೋತು ಹಾಕಿದ ದುಡ್ಡು ಹೋಗುತ್ತದೆ. ಹಾಗಾಗಿ ಹೆಸರೂ ಇರುವ, ಕೆಲಸವೂ ಗೊತ್ತಿರುವ, ಆದರೆ ಸೋತರೆ ಯಾರೂ ತಲೆ ಕೆಡಿಸಿಕೊಳ್ಳದ ಒಬ್ಬ ಬೇಕು. ಅವನೇ ಜರ್ನಿಮನ್. ಊರೂರು ಸುತ್ತುತ್ತಾನೆ, ನಾಲ್ಕು ದಿನ ಮುಂಚೆ ಕರೆದರೂ ಬರುತ್ತಾನೆ.

ಸುಮ್ನೆ ಥಿಯರಿ ಹೇಳುವುದಕ್ಕಿಂತ ಒಬ್ಬನ ಕಥೆ ಹೇಳುತ್ತೇನೆ. ನನಗೆ ಬಹಳ ಇಷ್ಟದ ಫೈಟರ್, ಜೆರೆಮಿ ಹಾರ್ನ್. 1975ರಲ್ಲಿ ಅಮೆರಿಕದ ಒಮಾಹಾದಲ್ಲಿ ಹುಟ್ಟಿದವನು, ಅಡ್ಡಹೆಸರು 'ಗಂಬಿ'. ನೋಡಿದರೆ ಫೈಟರ್ ಅನ್ನಿಸುವುದೇ ಇಲ್ಲ, ಮೈಯಲ್ಲಿ ಕಡೆದಿಟ್ಟಂಥ ಸ್ನಾಯು ಇಲ್ಲ, ಮುಖದಲ್ಲಿ ಸಿಟ್ಟಿಲ್ಲ. ಆದರೆ ಲೆಕ್ಕ ನೋಡಿ. ನೂರಕ್ಕೂ ಜಾಸ್ತಿ ವೃತ್ತಿಪರ ಫೈಟ್, ಅದರಲ್ಲಿ 90ಕ್ಕೂ ಹೆಚ್ಚು ಗೆಲುವು, ಆ ಗೆಲುವಿನಲ್ಲಿ 50ಕ್ಕೂ ಜಾಸ್ತಿ ಪಟ್ಟು ಹಾಕಿ ಎದುರಾಳಿಯನ್ನು ಶರಣಾಗಿಸಿದ್ದು. ಈಗಿನ ಸ್ಟಾರ್ ಫೈಟರ್‌ಗಳು ಇಡೀ ಕೆರಿಯರ್‌ನಲ್ಲಿ 25–30 ಫೈಟ್ ಮಾಡಿದರೆ ಹೆಚ್ಚು.

ಇಷ್ಟು ಗೆದ್ದವನನ್ನು ಜರ್ನಿಮನ್ ಅನ್ನುವುದು ಸರಿಯಾ ಅಂತ ನೀವು ಕೇಳಬಹುದು. ನನಗೂ ಆ ಪದ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅವನು ಬದುಕಿದ್ದು ಹಾಗೇ.

1998ರ ಮೇ ತಿಂಗಳು, ಅಲಬಾಮಾದ ಮೊಬೈಲ್ ಅನ್ನುವ ಊರಲ್ಲಿ ಯುಎಫ್‌ಸಿ 17 ಅನ್ನುವ ಶೋ. ಚಾಂಪಿಯನ್ ಫ್ರಾಂಕ್ ಶಾಮ್ರಾಕ್. ಅವನು ಅದಕ್ಕೂ ಹಿಂದಿನ ಎರಡು ಟೈಟಲ್ ಫೈಟ್‌ಗಳನ್ನು ಒಂದೊಂದನ್ನೂ ಅರ್ಧ ನಿಮಿಷದೊಳಗೆ ಮುಗಿಸಿದ್ದ. ಅವನೆದುರು 22 ವರ್ಷದ ಹಾರ್ನ್, ಯುಎಫ್‌ಸಿಯಲ್ಲಿ ಅವನ ಮೊದಲ ಫೈಟ್. ಜನ ಇನ್ನೂ ಸೀಟಲ್ಲಿ ಸರಿಯಾಗಿ ಕೂರುವ ಮುಂಚೆ ಮುಗಿಯುತ್ತದೆ ಅಂದುಕೊಂಡಿದ್ದು 16 ನಿಮಿಷ ದಾಟಿತು. ಹಾರ್ನ್ ಬಹಳ ಹೊತ್ತು ಮೇಲೆಯೇ ಇದ್ದ, ಶಾಮ್ರಾಕ್ ಕೆಳಗೆ. ಆಮೇಲೆ 16 ನಿಮಿಷ 28 ಸೆಕೆಂಡಿಗೆ ಶಾಮ್ರಾಕ್ ಹಾರ್ನ್‌ನ ಮೊಣಕಾಲು ಹಿಡಿದು ಪಟ್ಟು ಹಾಕಿದ. ಮುಗಿಯಿತು. ಆ ಒಂದು ಕಾಲು ಸ್ವಲ್ಪ ಆಚೆ ಇದ್ದಿದ್ದರೆ ಈ ಉತ್ತರದಲ್ಲಿ ನಾನು ಬೇರೆ ಯಾರದೋ ಹೆಸರು ಹೇಳಬೇಕಾಗುತ್ತಿತ್ತು.

ಅದೇ ರಾತ್ರಿ ಅದೇ ಶೋನಲ್ಲಿ ಯುಎಫ್‌ಸಿಗೆ ಕಾಲಿಟ್ಟ ಇನ್ನೊಬ್ಬ ಹೊಸಬ ಚಕ್ ಲಿಡೆಲ್. ಹತ್ತು ತಿಂಗಳ ನಂತರ, 1999ರ ಮಾರ್ಚ್‌ನಲ್ಲಿ, ಯುಎಫ್‌ಸಿ 19ರಲ್ಲಿ ಹಾರ್ನ್ ಮತ್ತು ಲಿಡೆಲ್ ಎದುರಾದರು. ಹಾರ್ನ್ ಗೆದ್ದ. ಲಿಡೆಲ್‌ನ ಕೆರಿಯರ್‌ನ ಮೊದಲ ಸೋಲು ಅದು. ಮುಂದೆ ಲಿಡೆಲ್ ಏನಾದ ಅಂತ ನಿಮ್ಮ ತಮ್ಮನನ್ನು ಕೇಳಿ, ಅವನಿಗೆ ಖಂಡಿತ ಗೊತ್ತಿರುತ್ತದೆ. ಹಾರ್ನ್ ಏನಾದ ಅಂತಲೂ ಕೇಳಿ ನೋಡಿ.

ಹಾರ್ನ್ ಏನೂ ಆಗಲಿಲ್ಲ, ಕೆಲಸಕ್ಕೆ ವಾಪಸ್ ಹೋದ. ಆಗ ಅವನಿದ್ದದ್ದು ಅಯೋವಾದಲ್ಲಿ, ಪ್ಯಾಟ್ ಮಿಲೆಟಿಚ್‌ನ ತಂಡದಲ್ಲಿ. ಆ ಜಿಮ್ ಒಂಥರಾ ಗರಡಿಮನೆಯೇ. ಮಿಲೆಟಿಚ್, ಜೆನ್ಸ್ ಪಲ್ವರ್, ಮ್ಯಾಟ್ ಹ್ಯೂಸ್, ಟಿಮ್ ಸಿಲ್ವಿಯಾ, ಎಲ್ಲರೂ ಯುಎಫ್‌ಸಿ ಚಾಂಪಿಯನ್‌ಗಳಾದರು. ಅದೇ ಜಿಮ್‌ನ ನೆಲದ ಮೇಲೆ ಉರುಳಾಡಿದ ಹಾರ್ನ್ ಮಾತ್ರ ಸುತ್ತಮುತ್ತಲಿನ ಸಣ್ಣ ಶೋಗಳಲ್ಲಿ ಫೈಟ್ ಮಾಡುತ್ತಲೇ ಇದ್ದ. ಒಂದೊಂದು ವರ್ಷ ಡಜನ್‌ಗಿಂತ ಜಾಸ್ತಿ ಫೈಟ್. ಈಗಾದರೆ ನಾಕೌಟ್ ಆದವನಿಗೆ ಆಟದ ಮೇಲ್ವಿಚಾರಣೆ ನೋಡುವ ಕಮಿಷನ್‌ನವರೇ ತಿಂಗಳುಗಟ್ಟಲೆ ರಜೆ ಬರೆದುಕೊಡುತ್ತಾರೆ. ಆಗ ಎಷ್ಟೋ ರಾಜ್ಯಗಳಲ್ಲಿ ಕೇಳುವವರೇ ಇರಲಿಲ್ಲ. ಸೆನೆಟರ್ ಜಾನ್ ಮೆಕೇನ್ ಈ ಆಟವನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದು ನಿಲ್ಲಿಸಲು ಓಡಾಡಿದ ಕಾಲ ಅದು. ಕೇಬಲ್ ಟಿವಿಯಿಂದಲೂ ತೆಗೆದಿದ್ದರು, ದುಡ್ಡು ಎಲ್ಲಿಂದ ಬರಬೇಕು? 2001ರಲ್ಲಿ ಇಡೀ ಯುಎಫ್‌ಸಿ ಕಂಪನಿ ಮಾರಾಟವಾದದ್ದೇ 20 ಲಕ್ಷ ಡಾಲರ್‌ಗೆ.

ಆ ವರ್ಷ ಫೆಬ್ರವರಿಯಲ್ಲಿ, ಯುಎಫ್‌ಸಿ 30ರಲ್ಲಿ ಹಾರ್ನ್ ಆಸ್ಟ್ರೇಲಿಯಾದ ಎಲ್ವಿಸ್ ಸಿನೋಸಿಕ್ ಎದುರು ಮೊದಲ ರೌಂಡ್‌ನಲ್ಲೇ ಆರ್ಮ್‌ಬಾರ್‌ಗೆ (ಮೊಣಕೈ ಮುರಿಯುವ ಹಾಗೆ ಎಳೆಯುವ ಪಟ್ಟು) ಸೋತ. ಸಿನೋಸಿಕ್‌ನ ಮುಂದಿನ ಫೈಟ್ ಏನು ಗೊತ್ತಾ? ನೇರ ಟೈಟಲ್ ಫೈಟ್, ಆಗಿನ ಚಾಂಪಿಯನ್ ಟಿಟೊ ಆರ್ಟಿಜ್ ಜೊತೆ! ಜರ್ನಿಮನ್ ಅಂದರೆ ಇದೇ. ಅವನು ಹತ್ತು ಜನರನ್ನು ಸೋಲಿಸಿದರೂ ಅವನಿಗೆ ಸಿಗುವುದು ಹನ್ನೊಂದನೆಯವನು. ಅವನನ್ನು ಒಬ್ಬ ಸೋಲಿಸಿದರೆ ಆ ಒಬ್ಬನಿಗೆ ಬಾಗಿಲು ತೆರೆಯುತ್ತದೆ. ಆಮೇಲೆ ನಾಲ್ಕು ವರ್ಷಕ್ಕೂ ಜಾಸ್ತಿ ಯುಎಫ್‌ಸಿ ಹಾರ್ನ್‌ನನ್ನು ಕರೆಯಲೇ ಇಲ್ಲ.

ಯುಎಫ್‌ಸಿ ಬಿಟ್ಟು ಹೊರಗೆ ಎಲ್ಲೆಲ್ಲಿ ಹೋದ ನೋಡಿ. ಜಪಾನಿನ ರಿಂಗ್ಸ್ ಅನ್ನುವ ಕಂಪನಿಯ ಶೋನಲ್ಲಿ 2000ದಲ್ಲಿ ರ‍್ಯಾಂಡಿ ಕುಟೂರ್ ಜೊತೆ, ಸೋಲು. 2004ರಲ್ಲಿ ದಕ್ಷಿಣ ಕೊರಿಯಾದಲ್ಲಿ ಆ್ಯಂಡರ್ಸನ್ ಸಿಲ್ವಾ ಜೊತೆ, ಸಿಲ್ವಾ ಆಗಿನ್ನೂ ಅಷ್ಟು ದೊಡ್ಡ ಹೆಸರಲ್ಲ, ಪೂರ್ತಿ ರೌಂಡ್ ನಡೆದು ತೀರ್ಪಿನಲ್ಲಿ ಸೋಲು. ಮಧ್ಯೆ 2003ರ ಸೆಪ್ಟೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಒಂದೇ ರಾತ್ರಿಯ ಟೂರ್ನಿ. ಅಲ್ಲಿ ಫಾರೆಸ್ಟ್ ಗ್ರಿಫಿನ್‌ನ ತಲೆಗೆ ಒದ್ದು ಮಲಗಿಸಿದ, ಅದೇ ರಾತ್ರಿ ಫೈನಲ್‌ನಲ್ಲಿ ರೆನಾಟೊ ಸೊಬ್ರಾಲ್‌ಗೆ ತೀರ್ಪಿನಲ್ಲಿ ಸೋತ. ಒಂದೂವರೆ ವರ್ಷ ಕಳೆದ ಮೇಲೆ, 2005ರ ಏಪ್ರಿಲ್‌ನಲ್ಲಿ, ಅದೇ ಗ್ರಿಫಿನ್ ಟಿವಿ ಶೋ ಒಂದರ ಫೈನಲ್‌ನಲ್ಲಿ ಸ್ಟೀಫನ್ ಬಾನರ್ ಜೊತೆ ಹೊಡೆದಾಡಿದ. ಯುಎಫ್‌ಸಿಯ ಅದೃಷ್ಟ ತಿರುಗಿಸಿದ ಫೈಟ್ ಅಂತ ಈಗಲೂ ಎಲ್ಲರೂ ಹೇಳುವುದು ಅದನ್ನೇ. 2008ರಲ್ಲಿ ಗ್ರಿಫಿನ್ ಚಾಂಪಿಯನ್ ಕೂಡ ಆದ.

ಹಾರ್ನ್‌ಗೂ ಕೊನೆಗೆ ಒಂದು ದೊಡ್ಡ ರಾತ್ರಿ ಸಿಕ್ಕಿತು. 2005ರಲ್ಲಿ ಲಿಡೆಲ್ ಚಾಂಪಿಯನ್ ಆಗಿದ್ದ, ಮೊದಲ ಬಾರಿ ಬೆಲ್ಟ್ ಉಳಿಸಿಕೊಳ್ಳಬೇಕಿತ್ತು. ಹಳೇ ಸೋಲಿನ ಲೆಕ್ಕ ಚುಕ್ತಾ ಮಾಡುವ ಕಥೆ ಟಿಕೆಟ್ ಮಾರುವುದಕ್ಕೆ ಚೆನ್ನಾಗಿರುತ್ತದೆ, ಅಲ್ವಾ? ಹಾಗೆ ಹಾರ್ನ್‌ಗೆ ಕರೆ ಬಂತು. ಆಗಸ್ಟ್ 20, ಲಾಸ್ ವೇಗಸ್, ಯುಎಫ್‌ಸಿ 54. ಆರು ವರ್ಷದಲ್ಲಿ ಲಿಡೆಲ್ ಬೇರೆಯೇ ಪ್ರಾಣಿ ಆಗಿದ್ದ, ನೆಲಕ್ಕೆ ಕೆಡವಲು ಸಾಧ್ಯವೇ ಇಲ್ಲದಂಥವನು. ಹಾರ್ನ್ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ನಾಲ್ಕನೇ ರೌಂಡ್‌ನಲ್ಲಿ ಕಣ್ಣು ಕಾಣದೇ ಹೋಗಿ ಫೈಟ್ ನಿಂತಿತು. ನಾನು ಇದನ್ನು ಎಷ್ಟೋ ವರ್ಷ ಆದಮೇಲೆ ರೆಕಾರ್ಡಿಂಗ್‌ನಲ್ಲಿ ನೋಡಿದ್ದು, ಫಲಿತಾಂಶ ಮೊದಲೇ ಗೊತ್ತಿತ್ತು, ಆದರೂ ಹೊಟ್ಟೆ ಹಿಂಡಿತು.

ಮಾರನೇ ವರ್ಷ ಚೇಲ್ ಸೊನೆನ್‌ನನ್ನು ಆರ್ಮ್‌ಬಾರ್‌ನಲ್ಲಿ ಸೋಲಿಸಿದ. 2009ರ ಜನವರಿಯಲ್ಲಿ ಡಬ್ಲಿನ್‌ನಲ್ಲಿ ಪಾಲಾರೆಸ್‌ಗೆ ಸೋತ ಮೇಲೆ ಯುಎಫ್‌ಸಿ ಅಧ್ಯಾಯ ಮುಗಿಯಿತು. ಫೈಟ್ ಮಾಡುವುದು ಮುಗಿಯಲಿಲ್ಲ, ಸಣ್ಣ ಶೋಗಳಲ್ಲಿ ಮತ್ತೂ ಕೆಲವು ವರ್ಷ ಗೆಲ್ಲುತ್ತಲೇ ಇದ್ದ. ಯೂಟಾದಲ್ಲಿ ಸ್ವಂತ ಜಿಮ್ ಮಾಡಿಕೊಂಡು ಕಲಿಸತೊಡಗಿದ.

ಈಗ ದುಡ್ಡಿನ ವಿಷಯ, ನಿಮ್ಮ ಪ್ರಶ್ನೆಯ ಅಸಲಿ ಭಾಗ ಇದೇ ಇರಬೇಕು. ಎಂಎಂಎಯಲ್ಲಿ ಸಂಬಳ ಎರಡು ತುಂಡು. ಬಂದು ಫೈಟ್ ಮಾಡಿದ್ದಕ್ಕೆ ಒಂದು, ಗೆದ್ದರೆ ಇನ್ನೊಂದು ಅಷ್ಟೇ. ಇತ್ತೀಚಿನ ವರ್ಷಗಳಲ್ಲೂ ಯುಎಫ್‌ಸಿಗೆ ಹೊಸದಾಗಿ ಬರುವವನಿಗೆ 10 ಸಾವಿರ ಮತ್ತು 10 ಸಾವಿರ ಡಾಲರ್, ಆಮೇಲೆ 12 ಮತ್ತು 12 ಅಂತಿತ್ತು. ಕೇಳಲು ಚೆನ್ನಾಗಿದೆ. ಅದರಲ್ಲಿ ಕೋಚ್‌ಗೆ, ಮ್ಯಾನೇಜರ್‌ಗೆ, ಟ್ಯಾಕ್ಸ್‌ಗೆ, ಫೈಟ್‌ಗೆ ಮುಂಚಿನ ತರಬೇತಿ ಕ್ಯಾಂಪ್‌ನ ಊಟ ತಿಂಡಿಗೆ ಅಂತ ತೆಗೆಯಿರಿ. ವರ್ಷಕ್ಕೆ ಎರಡು ಮೂರು ಫೈಟ್ ಸಿಕ್ಕರೆ ಪುಣ್ಯ. ಗಾಯವಾದರೆ ಅದೂ ಇಲ್ಲ. ಇಬ್ಬರು ಜಡ್ಜ್‌ಗಳಿಗೆ ಒಂದು ರೌಂಡ್ ಬೇರೆ ಥರ ಕಂಡರೆ ನಿಮ್ಮ ಅರ್ಧ ಸಂಬಳ ಗಾಳಿಗೆ ಹೋಯಿತು. ಇದು ಯುಎಫ್‌ಸಿ ಒಳಗಿನ ಮಾತು. ಹೊರಗಿನ ಸಣ್ಣ ಶೋಗಳದ್ದು ಹೇಳದಿರುವುದೇ ವಾಸಿ. ಅಲ್ಲಿನ ಫೈಟರ್‌ಗಳು ಬೆಳಗ್ಗೆ ಬೇರೆ ಕೆಲಸಕ್ಕೆ ಹೋಗಿ ಸಂಜೆ ಪ್ರಾಕ್ಟೀಸ್ ಮಾಡುತ್ತಾರೆ.

20 ಲಕ್ಷಕ್ಕೆ ಕೊಂಡ ಆ ಕಂಪನಿ 2016ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಮಾರಾಟವಾಯಿತು. ಸಂಬಳ ಕಡಿಮೆ ಕೊಟ್ಟಿರಿ ಅಂತ ಫೈಟರ್‌ಗಳು ಹಾಕಿದ ಕೇಸ್ 2024ರಲ್ಲಿ 37.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಆದರೆ ಅದು 2010ರ ಡಿಸೆಂಬರ್‌ನಿಂದ 2017ರ ಜೂನ್‌ವರೆಗೆ ಅಲ್ಲಿ ಫೈಟ್ ಮಾಡಿದವರಿಗೆ. ಹಾರ್ನ್ ಅಲ್ಲಿಂದ ಹೊರಬಿದ್ದದ್ದು 2009ರಲ್ಲೇ.

ಹಾಗಂತ ಎಲ್ಲಾ ಕತ್ತಲೇ ಇಲ್ಲ. ನ್ಯೂಜೆರ್ಸಿಯ ಜಿಮ್ ಮಿಲ್ಲರ್ 2008ರಲ್ಲಿ ಯುಎಫ್‌ಸಿಗೆ ಬಂದ, ಒಂದು ಸಲವೂ ಟೈಟಲ್ ಫೈಟ್ ಸಿಗಲಿಲ್ಲ. ಮಧ್ಯೆ ಉಣ್ಣೆ ಕಚ್ಚಿ ಬರುವ ಲೈಮ್ ಕಾಯಿಲೆ ಬೇರೆ ಬಂದು ಹಿಂಡಿತು. ಆದರೂ ಯುಎಫ್‌ಸಿ 100, 200, 300 ಮೂರರಲ್ಲೂ ಕೇಜ್ ಹತ್ತಿದ. 2022ರಲ್ಲಿ ಡೊನಾಲ್ಡ್ ಸೆರೋನಿಯನ್ನು ಗಿಲೊಟಿನ್ (ಕುತ್ತಿಗೆ ಬಿಗಿಯುವ ಪಟ್ಟು) ಹಾಕಿ ಸೋಲಿಸಿ, ಯುಎಫ್‌ಸಿಯಲ್ಲಿ ಅತಿ ಹೆಚ್ಚು ಗೆಲುವಿನ ದಾಖಲೆ ತನ್ನದಾಗಿಸಿಕೊಂಡ. ಒಂದೇ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನೌಕರನ ಥರ. ಅಂಥವರು ಕಡಿಮೆ.

ಇನ್ನೊಂದು ಕಡೆಯೂ ಇದೆ. ಮಿಲೆಟಿಚ್ ತಂಡದಿಂದಲೇ ಬಂದ ಸ್ಪೆನ್ಸರ್ ಫಿಶರ್ ತನ್ನ ಮಿದುಳಿಗೆ ಆದ ಹಾನಿಯ ಬಗ್ಗೆ 2021ರಲ್ಲಿ ಬಹಿರಂಗವಾಗಿ ಹೇಳಿಕೊಂಡ. ಹಾರ್ನ್ ಅಷ್ಟು ಫೈಟ್ ಮಾಡಿಯೂ ಅಷ್ಟು ವರ್ಷ ಬಾಳಿದ್ದಕ್ಕೆ ನನಗೆ ತೋಚುವ ಕಾರಣ, ಅವನ ಆಟ ನೆಲದ ಮೇಲಿನದು. ಪಟ್ಟು ಹಾಕುವವನು ಬೇಗ ಮುಗಿಸುತ್ತಾನೆ, ತಲೆಗೆ ಏಟು ಕಡಿಮೆ ಬೀಳುತ್ತದೆ.

ಅದಕ್ಕೇ ನಿಮ್ಮ ತಮ್ಮನಿಗೆ ಬೇಡ ಅನ್ನಬೇಡಿ, ಕೇಳುವುದೂ ಇಲ್ಲ ಬಿಡಿ. ಮೊದಲು ಕುಸ್ತಿ, ಜಿಯುಜಿತ್ಸು (ನೆಲದ ಮೇಲೆ ಪಟ್ಟು ಹಾಕುವ ಕಲೆ) ಗಟ್ಟಿ ಮಾಡಿಕೊಳ್ಳಲಿ. ಜಿಮ್‌ನಲ್ಲಿ ದಿನಾ ತಲೆಗೆ ಹೊಡೆಸಿಕೊಳ್ಳುವುದು ಧೈರ್ಯ ಅಂತ ಯಾರಾದರೂ ಹೇಳಿಕೊಟ್ಟರೆ ಆ ಜಿಮ್ ಬಿಡಿಸಿ. ಓದೋ ಕೆಲಸವೋ ಒಂದು ಕೈಯಲ್ಲಿರಲಿ. ಬುಧವಾರ ಫೋನ್ ಬಂದು ಶನಿವಾರ ಬಾ ಅಂದರೆ, ಎದುರಾಳಿ ಯಾರ ಕಡೆಯವನು ಅಂತ ಮೊದಲು ಕೇಳಲಿ.

ಯಾಕೆ ಮಾಡುತ್ತಾರೆ ಅನ್ನುವುದಕ್ಕೆ ನನ್ನ ಬಳಿ ಮಾತಿನ ಉತ್ತರ ಇಲ್ಲ. ಒಂದು ಭಾನುವಾರ ಬೆಳಗ್ಗೆ ತಮ್ಮನ ಜೊತೆ ಕೂತು ಯುಎಫ್‌ಸಿ 19ರ ಆ ಫೈಟ್ ಹಾಕಿ. 12 ನಿಮಿಷದ್ದು. ಕೊನೆಯ ಒಂದು ನಿಮಿಷ ತಪ್ಪಿಸಬೇಡಿ, ಹಾರ್ನ್‌ನ ತೋಳು ಲಿಡೆಲ್‌ನ ಕುತ್ತಿಗೆ ಮತ್ತು ಭುಜ ಸೇರಿಸಿ ಬಿಗಿಯುತ್ತಾ ಹೋಗುತ್ತದೆ, ಲಿಡೆಲ್ ಟ್ಯಾಪ್ ಮಾಡುವುದಿಲ್ಲ. ಸಮಯ ಮುಗಿಯುತ್ತದೆ. ಹಾರ್ನ್ ಎದ್ದು ನಿಲ್ಲುತ್ತಾನೆ, ಲಿಡೆಲ್ ಏಳುವುದಿಲ್ಲ.