ವಿಂಡೋ ಹೋಯಿತು, ಪ್ರೋಗ್ರಾಂ ಹೋಗಲಿಲ್ಲ

ಪ್ರಶ್ನೆ: ಕೋಲಾರದ ಟೊಮೆಟೊ ಮಂಡಿಯೊಂದಕ್ಕೆ ಜಾವಾ ಸ್ವಿಂಗ್‌ನಲ್ಲಿ (ಜಾವಾ ಭಾಷೆಯಲ್ಲಿ ವಿಂಡೋ, ಬಟನ್ ಕಟ್ಟುವ ಸಲಕರಣೆ) ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ರೈತರ ಹೆಸರು, 15 ಕೆ.ಜಿ. ಬಾಕ್ಸ್‌ಗಳ ಲೆಕ್ಕ, ಹರಾಜಿನ ದರ, ಅಷ್ಟೇ. 5 ನಿಮಿಷಕ್ಕೊಮ್ಮೆ ಬ್ಯಾಕಪ್ ಆಗಲೆಂದು ಜಾವಾ ಯುಟಿಲ್‌ನ ಟೈಮರ್ ಇಟ್ಟಿದ್ದೇನೆ. ಇಂಟು ಮಾರ್ಕ್ ಒತ್ತಿದರೆ ವಿಂಡೋ ಹೋಗುತ್ತದೆ, ಆದರೆ ಸಂಜೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಏಳೆಂಟು ‘ಜಾವಾಡಬ್ಲ್ಯೂ’ (ಇನ್ನೂ ಓಡುತ್ತಿರುವ ಜಾವಾ ಪ್ರೋಗ್ರಾಂ) ಉಳಿದಿರುತ್ತವೆ. ಅದಕ್ಕೇ ಎಲ್ಲ ವಿಂಡೋಗಳಿಗೂ ಎಕ್ಸಿಟ್-ಆನ್-ಕ್ಲೋಸ್ ಎಂಬ ಆಯ್ಕೆ ಹಾಕಿದೆ. ಈಗ ವರದಿಯ ವಿಂಡೋ ಮುಚ್ಚಿದರೂ ಅರ್ಧ ಬರೆದ ಬಿಲ್ ಸಮೇತ ಎಲ್ಲವೂ ಮಾಯ. ‘ಉಳಿಸಬೇಕೆ?’ ಎಂದು ಕೇಳಿದಾಗ ‘ರದ್ದು’ ಒತ್ತಿದರೂ ನಿಲ್ಲುವುದಿಲ್ಲ. ಏನು ಮಾಡಲಿ?

ಉತ್ತರ: ಶಟರ್ ಎಳೆದ ಮಾತ್ರಕ್ಕೆ ಮಂಡಿಯ ದಿನದ ಲೆಕ್ಕ ಮುಗಿಯುತ್ತದೆಯೇ? ಜೆಫ್ರೇಮ್‌ಗೆ, ಅಂದರೆ ಸ್ವಿಂಗ್‌ನ ವಿಂಡೋಗೆ, ನೀವೇನೂ ಹೇಳದಿದ್ದರೆ ಇಂಟು ಒತ್ತಿದಾಗ ಅದು ಬರೀ ಮರೆಯಾಗುತ್ತದೆ, ಸಾಯುವುದಿಲ್ಲ. ಮೊದಲು ನಿಮಗೆ ಆಗಿದ್ದು ಅದೇ.

ಎಕ್ಸಿಟ್-ಆನ್-ಕ್ಲೋಸ್ ಹಾಕಿ ನೀವು ಇನ್ನೊಂದು ತುದಿಗೆ ಹೋದಿರಿ. ಅದು ಆ ವಿಂಡೋವನ್ನಷ್ಟೇ ಅಲ್ಲ, ಇಡೀ ಜಾವಾವನ್ನೇ ನಿಲ್ಲಿಸುತ್ತದೆ. ನಿಮ್ಮ ವಿಂಡೋ-ಕ್ಲೋಸಿಂಗ್ ಲಿಸನರ್ (ಇಂಟು ಒತ್ತಿದಾಗ ಓಡಲೆಂದು ನೀವು ಬರೆದ ಕೋಡ್) ಮೊದಲು ಓಡುತ್ತದೆ ನಿಜ, ಆದರೆ ಅಲ್ಲಿ ಬಳಕೆದಾರ ‘ರದ್ದು’ ಅಂದರೂ ಲಿಸನರ್ ಮುಗಿದ ಕೂಡಲೇ ಎಕ್ಸಿಟ್ ಆಗಿಯೇ ಆಗುತ್ತದೆ. ಆದ್ದರಿಂದ ಮುಖ್ಯ ವಿಂಡೋಗೆ ಡು-ನಥಿಂಗ್-ಆನ್-ಕ್ಲೋಸ್ (ಇಂಟು ಒತ್ತಿದರೆ ತಾನಾಗಿ ಏನೂ ಮಾಡಬೇಡ) ಕೊಟ್ಟು, ತೀರ್ಮಾನ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ವರದಿಯಂಥ ಮರಿ ವಿಂಡೋಗಳಿಗೆ ಡಿಸ್ಪೋಸ್-ಆನ್-ಕ್ಲೋಸ್ (ಆ ವಿಂಡೋವನ್ನಷ್ಟೇ ಪೂರ್ತಿ ತೆಗೆದುಹಾಕು) ಸಾಕು.

ಹೊರಗೆ ಹೋಗಲು ಒಂದೇ ಮೆಥಡ್ (ಹೆಸರಿಟ್ಟು ಕರೆಯುವ ಕೋಡ್ ತುಣುಕು) ಬರೆಯಿರಿ. ಇಂಟು ಒತ್ತಲಿ, ಮೆನುವಿನ ‘ಮುಚ್ಚು’ ಒತ್ತಲಿ, ಎರಡೂ ಅಲ್ಲಿಗೇ ಬರಲಿ. ಉಳಿಸಬೇಕೆ ಎಂದು ಕೇಳುವುದು, ರದ್ದು ಅಂದರೆ ಹಾಗೇ ಹಿಂದಿರುಗುವುದು, ಇಲ್ಲವಾದರೆ ಟೈಮರ್ ಕ್ಯಾನ್ಸಲ್ ಮಾಡಿ, ಡೇಟಾಬೇಸ್ ಸಂಪರ್ಕ ಮುಚ್ಚಿ, ಕೊನೆಗೆ ಎಲ್ಲ ವಿಂಡೋಗಳನ್ನೂ ಡಿಸ್ಪೋಸ್ ಮಾಡುವುದು. ಥ್ರೆಡ್ ಅಂದರೆ ಪ್ರೋಗ್ರಾಂ ಒಳಗೆ ಪ್ರತ್ಯೇಕವಾಗಿ ಓಡುವ ಕೆಲಸದ ಎಳೆ; ಜಾವಾ ಮುಗಿಯಲು ಕಾಯದಂಥ ಹಿನ್ನೆಲೆಯ ಎಳೆ ಡೀಮನ್. ಡಿಸ್ಪೋಸ್ ಆಗದ ವಿಂಡೋ ಒಂದೂ ಇಲ್ಲದೆ, ಡೀಮನ್ ಅಲ್ಲದ ಥ್ರೆಡ್ ಒಂದೂ ಓಡದಿದ್ದರೆ ಜಾವಾ ತಾನಾಗಿಯೇ ಮುಗಿಯುತ್ತದೆ.

ಆ ಟೈಮರ್ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಜಾವಾ ಯುಟಿಲ್ ಟೈಮರ್‌ನ ಥ್ರೆಡ್ ಡೀಮನ್ ಅಲ್ಲ. ಕ್ಯಾನ್ಸಲ್ ಮಾಡದಿದ್ದರೆ ವಿಂಡೋಗಳೆಲ್ಲ ಹೋದರೂ ಅದೊಂದೇ ಪ್ರೋಗ್ರಾಂ ಅನ್ನು ಹಿಡಿದಿಟ್ಟಿರುತ್ತದೆ. ‘ಡೀಮನ್ ಮಾಡಿಬಿಡಿ, ಮುಗೀತು’ ಎಂದು ಯಾರಾದರೂ ಹೇಳಿಯಾರು. ಬ್ಯಾಕಪ್ ಕೆಲಸಕ್ಕೆ ನನಗೆ ಅದು ಒಪ್ಪಿಗೆಯಿಲ್ಲ: ಜಾವಾ ಡೀಮನ್ ಥ್ರೆಡ್‌ಗಾಗಿ ಕಾಯುವುದಿಲ್ಲ, ಫೈಲ್ ಅರ್ಧ ಬರೆದಿದ್ದರೂ ಕತ್ತರಿಸಿ ಹೋಗುತ್ತದೆ. ಕ್ಯಾನ್ಸಲ್ ಆದರೋ ಓಡುತ್ತಿರುವ ಬ್ಯಾಕಪ್ ಮುಗಿಯಲು ಬಿಟ್ಟು, ಮುಂದಿನದನ್ನಷ್ಟೇ ತಡೆಯುತ್ತದೆ.

ಇಷ್ಟಾದರೂ ಪ್ರೋಗ್ರಾಂ ಸಾಯದಿದ್ದರೆ ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯುವ ಕಿಟ್) ಜೊತೆಗೇ ಬರುವ, ಓಡುತ್ತಿರುವ ಥ್ರೆಡ್‌ಗಳ ಪಟ್ಟಿ ಕೊಡುವ ಜೆಸ್ಟ್ಯಾಕ್ ಓಡಿಸಿ, ‘ಡೀಮನ್’ ಎಂದು ಬರೆದಿರದ ಥ್ರೆಡ್ ಹುಡುಕಿ. ‘ಟೈಮರ್-0’ ಕಂಡರೆ ಕಳ್ಳ ಸಿಕ್ಕ ಹಾಗೆ. ಸಿಸ್ಟಮ್ ಎಕ್ಸಿಟ್ (ಜಾವಾವನ್ನು ಕೂಡಲೇ ನಿಲ್ಲಿಸುವ ಆಜ್ಞೆ) ಕೊಟ್ಟು ಜಾರಿಕೊಳ್ಳುವ ಆಸೆ ಬರುತ್ತದೆ. ಆದರೆ ಅದು ಫೈನಲಿ ಬ್ಲಾಕ್‌ಗಳನ್ನು (ಕೆಲಸದ ಕೊನೆಗೆ ಎಲ್ಲ ಶುಚಿಮಾಡಲು ಬರೆದ ಕೋಡ್) ಓಡಿಸುವುದಿಲ್ಲ.

ಕರೆಂಟ್ ಹೋದರೆ ಇದ್ಯಾವುದೂ ನೆರವಿಗೆ ಬಾರದು, ಜಾವಾ ಮುಗಿಯುವಾಗ ಓಡಲೆಂದು ಬರೆಯುವ ಶಟ್‌ಡೌನ್ ಹುಕ್ ಕೂಡ. ಹಾಗಾಗಿ ಬಿಲ್ ಅನ್ನು ಮುಚ್ಚುವಾಗ ಉಳಿಸಲು ಕಾಯಬೇಡಿ, ಒಂದೊಂದು ಬಿಲ್ ಮುಗಿದಾಗಲೇ ಕಮಿಟ್ ಮಾಡಿ (ಡೇಟಾಬೇಸ್‌ನಲ್ಲಿ ಖಾಯಂ ಬರೆಸಿ). ಕೊಡುವ ಮುನ್ನ ಒಂದು ಪರೀಕ್ಷೆ: ಬಿಲ್ ಉಳಿಸಿದ ಮರುಕ್ಷಣವೇ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ನಿಂದ ಪ್ರೋಗ್ರಾಂ ಕೊಲ್ಲಿ. ಮತ್ತೆ ತೆರೆದಾಗ ಆ ಬಿಲ್ ಇದ್ದರೆ ಮಂಡಿಗೆ ಕಳಿಸಿ.