ಪ್ರತಿಕ್ರಿಯೆ: ಅಮ್ಮ ಹೆಜ್ಜೆ ಎಣಿಸೋದು ಬಿಟ್ಟರೆ

ಅಮ್ಮನ ಫೋನಿಗೆ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟೆ, ಎರಡೇ ವಾರಕ್ಕೆ ಬೇಸತ್ತರು, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಆ್ಯಪ್‌ನಲ್ಲಿರುವ ದಿನಕ್ಕೆ 10,000 ಹೆಜ್ಜೆಯ ಗುರಿ ತೆಗೆಯಿರಿ. ಅದು ವೈದ್ಯರು ಹಾಕಿದ ಲೆಕ್ಕವಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಸಂಖ್ಯೆ. ಅಮೆರಿಕದ ವಯಸ್ಸಾದ ಹೆಂಗಸರ ಮೇಲಿನ 2019ರ ಅಧ್ಯಯನ ನೋಡಿ: ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವು ಕಡಿಮೆ. 7,500ರ ನಂತರ ಹೆಚ್ಚಿನ ವ್ಯತ್ಯಾಸವಿಲ್ಲ.

ಈಗ ನಡೆಯುವುದಕ್ಕೆ 500 ಸೇರಿಸಿ, ಅಷ್ಟೇ ಗುರಿ ಇಡಿ. ರಾತ್ರಿ ಒಂಬತ್ತಕ್ಕೆ ‘ಇನ್ನೂ 6,000 ಬಾಕಿ’ ಅನ್ನೋ ನೋಟಿಫಿಕೇಶನ್ ಆಫ್ ಮಾಡಿ. ಊಟ ಮುಗಿಸಿ ಕೂತವರನ್ನು ಸುಮ್ನೆ ಬೈದ ಹಾಗಾಗುತ್ತೆ, ಅಲ್ವಾ? ರಿಮೈಂಡರ್ ಬೇಕಿದ್ದರೆ ಸಂಜೆ ಹಾಲು ತರೋಕೆ ಹೊರಡುವ ಹೊತ್ತಿಗಿಡಿ. ಬ್ಯಾಡ್ಜು, ಪಾಯಿಂಟುಗಳ ಹುರುಪು ಜಾಸ್ತಿ ದಿನ ಇರಲ್ಲ. ಪಕ್ಕದ ಮನೆಯವರು ಜೊತೆಗೆ ಬರ್ತಾರಾ ಕೇಳಿ ನೋಡಿ.